ಹಿತ್ತಲಿನ ಆಮೆಕೊಳ: ಮೊದಲು ಚರಂಡಿ, ಆಮೇಲೆ ನೀರು

ಆಮೆಗೆ ಕೊಳ ಕಟ್ಟುತ್ತೇನೆ ಎಂದವರನ್ನು ಎಲ್ಲರೂ ಉದ್ದ, ಅಗಲ, ಆಳ ಎಷ್ಟು ಎಂದು ಕೇಳುತ್ತಾರೆ. ಕೊಳಕಾದ ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಗುದ್ದಲಿ ಹಿಡಿಯಬಾರದು ಎಂಬುದು ನನ್ನ ಅಭಿಪ್ರಾಯ. ಆಮೆ ನೀರಿನಲ್ಲೇ ತಿನ್ನುತ್ತದೆ, ತಿನ್ನುವಾಗ ಉಗುರಿನಿಂದ ಹರಿದು ಅರ್ಧವನ್ನು ಚೆಲ್ಲುತ್ತದೆ, ತಿಂದದ್ದನ್ನು ಅಲ್ಲೇ ವಿಸರ್ಜಿಸುತ್ತದೆ. ಮೀನಿನ ತೊಟ್ಟಿಯ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಎರಡು ಆಮೆಗಳಿಗಾಗಿ ಕಟ್ಟಿದ, ಒಮ್ಮೆ ರಿಪೇರಿಯನ್ನೂ ಕಂಡ ಕೊಳದ ವಿವರ ಇದು. ಎರಡೂ ಕೆಂಪು ಕಿವಿಯ ಆಮೆಗಳು. ಅಕ್ವೇರಿಯಂ ಅಂಗಡಿಗಳಲ್ಲಿ ರೆಡ್ ಇಯರ್ಡ್ ಸ್ಲೈಡರ್ ಎಂದು ಮಾರುವ, ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಜಾತಿ. ಮೂಲ ನೆಲೆ ಅಮೆರಿಕದ ಮಿಸಿಸಿಪಿ ನದಿಯ ಕೊಳ್ಳ. ಬೆಂಗಳೂರಿನ ಫ್ಲಾಟಿನಲ್ಲಿರುವ ನನ್ನ ದೊಡ್ಡಮ್ಮನ ಮಗ ತಂದಾಗ ಅವು ಅಂಗೈಯ ನಡುವೆ ಕೂರುವಷ್ಟಿದ್ದವು. ನಮ್ಮ ಮನೆಗೆ ಬರುವ ಹೊತ್ತಿಗೆ ಎರಡರ ಚಿಪ್ಪೂ ಎಂಟು ಇಂಚು ದಾಟಿತ್ತು, ಎರಡೂ ಹೆಣ್ಣು. ಈ ಜಾತಿಯಲ್ಲಿ ಹೆಣ್ಣೇ ದೊಡ್ಡದು, ಹತ್ತು ಹನ್ನೆರಡು ಇಂಚಿನವರೆಗೂ ಬೆಳೆಯುತ್ತದೆ. ಗಂಡಿನ ಮುಂಗಾಲಿನ ಉಗುರುಗಳು ಮಾತ್ರ ಎದ್ದು ಕಾಣುವಷ್ಟು ಉದ್ದ. ಚೆನ್ನಾಗಿ ಸಾಕಿದರೆ ಮೂವತ್ತು ವರ್ಷ ಬದುಕುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

"ಚಿಕ್ಕಪ್ಪ, ಇವನ್ನು ಕೆರೆಗೆ ಬಿಟ್ಟರೆ ಆಗುವುದಿಲ್ಲವೇ?" ಎಂದು ಅಣ್ಣನ ಮಗಳು ಕೇಳಿದ್ದಳು. ಆಗುವುದಿಲ್ಲ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ಯುರೋಪಿಯನ್ ಒಕ್ಕೂಟ 1997ರಲ್ಲೇ ಇದರ ಆಮದನ್ನು ನಿಲ್ಲಿಸಿತು. ನಮ್ಮ ಕೆರೆಗಳಿಗೆ ಬಿಟ್ಟರೆ ಬಿಸಿಲು ಕಾಯುವ ಜಾಗ, ಆಹಾರ ಎಲ್ಲದಕ್ಕೂ ನಮ್ಮ ನಾಡಿನ ಆಮೆಗಳ ಜೊತೆ ಪೈಪೋಟಿಗೆ ನಿಲ್ಲುತ್ತದೆ. ಇನ್ನು ನಮ್ಮ ನಾಡಿನ ಆಮೆಗಳನ್ನು ಸಾಕುವ ಯೋಚನೆಯೇ ಬೇಡ. ನಕ್ಷತ್ರ ಆಮೆಯಾಗಲಿ, ಮಳೆಗಾಲದಲ್ಲಿ ರಸ್ತೆಗೆ ಬರುವ ಕೆರೆ ಆಮೆಯಾಗಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. 2022ರ ತಿದ್ದುಪಡಿಯ ನಂತರ ವಿದೇಶಿ ಪ್ರಾಣಿಗಳ ನೋಂದಣಿಗೂ ನಿಯಮಗಳು ಬಂದಿವೆ. ನಿಮ್ಮ ಬಳಿ ಇರುವ ಜಾತಿ ಅದರಡಿ ಬರುತ್ತದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಮುಂದಿನ ಕೆಲಸಕ್ಕೆ ಕೈ ಹಾಕಿ.

ಮನೆಯ ಹಿರಿಯರಿಂದ ಒಂದು ಆಕ್ಷೇಪ ಬಂತು. ಆಮೆ ಹೊಕ್ಕ ಮನೆ ಏಳಿಗೆಯಾಗುವುದಿಲ್ಲವಂತೆ. ದೇವಸ್ಥಾನದ ನವರಂಗದಲ್ಲಿ ಕೂರ್ಮಕ್ಕೆ ಕೈಮುಗಿದು, ದೇವರ ಮನೆಯಲ್ಲಿ ಹಿತ್ತಾಳೆಯ ಆಮೆಯನ್ನು ನೀರಿನ ಬಟ್ಟಲಲ್ಲಿಟ್ಟು, ಜೀವಂತ ಆಮೆಯನ್ನು ಮಾತ್ರ ಹೊಸ್ತಿಲ ಹೊರಗೆ ನಿಲ್ಲಿಸುವ ಈ ಏರ್ಪಾಡು ನನಗೆ ಅರ್ಥವಾಗುವುದಿಲ್ಲ. ಹೇಗೂ ಕೊಳ ಹಿತ್ತಲಿನಲ್ಲಿ, ಹೊಸ್ತಿಲು ದಾಟುವ ಪ್ರಮೇಯವೇ ಇಲ್ಲ ಎಂದು ಒಪ್ಪಿಸಿದೆ.

ಜಾಗ ಮತ್ತು ಅಳತೆ

ನಮ್ಮ ಹಿತ್ತಲು ಮನೆಯ ಕಡೆಯಿಂದ ಹಿಂದಿನ ಕಾಂಪೌಂಡಿನ ಕಡೆಗೆ ಇಳಿಯುತ್ತದೆ. ಎರಡು ತುದಿಗಳ ನಡುವೆ ಎರಡೂವರೆ ಅಡಿ ವ್ಯತ್ಯಾಸ. ಕೆಳಗಿನ ತುದಿಯಲ್ಲಿ ಬಾಳೆ ಪಾತಿಗಳಿವೆ. ಇಡೀ ಯೋಜನೆ ನಿಂತಿರುವುದು ಈ ಇಳಿಜಾರಿನ ಮೇಲೆ: ಕೊಳ ಮೇಲಿನ ತುದಿಯಲ್ಲಿದ್ದರೆ, ತಳದ ಪೈಪನ್ನು ತೆರೆದ ಕೂಡಲೇ ಕೊಳೆ ನೀರು ಯಾವ ಮೋಟಾರಿನ ಹಂಗೂ ಇಲ್ಲದೆ ಬಾಳೆಯ ಬುಡಕ್ಕೆ ಹರಿಯುತ್ತದೆ.

ಬಿಸಿಲಿನ ಲೆಕ್ಕವೂ ಅಷ್ಟೇ ಮುಖ್ಯ. ಆಮೆ ತಣ್ಣನೆ ರಕ್ತದ ಪ್ರಾಣಿ. ನೀರಿನಿಂದ ಪೂರ್ತಿ ಹೊರಬಂದು, ಚಿಪ್ಪು ಒಣಗುವವರೆಗೆ ಬಿಸಿಲು ಕಾಯಬೇಕು. ಬಿಸಿಲಿನ ಅತಿನೇರಳೆ ಕಿರಣದಿಂದಲೇ ಅದರ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುವುದು. ಅದಿಲ್ಲದಿದ್ದರೆ ಎಷ್ಟು ಕ್ಯಾಲ್ಸಿಯಂ ತಿನ್ನಿಸಿದರೂ ಚಿಪ್ಪು ಮೆತ್ತಗಾಗುತ್ತದೆ. ಫ್ಲಾಟಿನ ಗಾಜಿನ ಕಿಟಕಿಯ ಬಳಿ ಇಟ್ಟಿದ್ದೆವಲ್ಲ ಎಂದು ಅಣ್ಣ ಹೇಳಿದ. ಗಾಜು ಬೆಳಕನ್ನು ಬಿಡುತ್ತದೆ, ಬೇಕಾದ ಆ ಕಿರಣಗಳನ್ನು ತಡೆಯುತ್ತದೆ. ಹಾಗಾಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ನೇರ ಬಿಸಿಲು ಬೀಳುವ, ಮೂರು ಗಂಟೆಯ ಮೇಲೆ ಪಶ್ಚಿಮದ ಕಾಂಪೌಂಡ್ ಗೋಡೆಯ ನೆರಳು ಸಿಗುವ ಜಾಗವನ್ನು ಆರಿಸಿದೆ. ತೆಂಗಿನ ಮರದಿಂದ ದೂರ, ಮಾವಿನ ಎಲೆ ಉದುರದಷ್ಟು ದೂರ.

ಒಳ ಅಳತೆ ಹನ್ನೊಂದು ಅಡಿ ಉದ್ದ, ಐದು ಅಡಿ ಅಗಲ. ಇದರಲ್ಲಿ ಎಂಟು ಅಡಿ ನೀರು, ಮೂರು ಅಡಿ ಮಣ್ಣಿನ ಅಂಗಳ. ಎರಡರ ನಡುವೆ ಒಂದು ಅಡ್ಡಗೋಡೆ. ನೀರಿನ ಭಾಗದಲ್ಲಿ ಅಡ್ಡಗೋಡೆಯಿಂದ ಮೊದಲ ಮೂರು ಅಡಿ ಒಂದು ಅಡಿಯಷ್ಟು ನಿಧಾನವಾಗಿ ಇಳಿಯುತ್ತದೆ. ಅಲ್ಲಿಂದ ಮುಂದೆ ಐದು ಅಡಿ ಉದ್ದಕ್ಕೂ 27 ಇಂಚು ನೀರು. ಲೆಕ್ಕ ಹಾಕಿದರೆ ಸುಮಾರು 1,800 ಲೀಟರ್. ಚಿಪ್ಪಿನ ಒಂದು ಇಂಚಿಗೆ ಕನಿಷ್ಠ 38 ಲೀಟರ್ ಎಂಬ ರೂಢಿಯ ಲೆಕ್ಕದಲ್ಲಿ ಎರಡು ಆಮೆಗಳಿಗೆ 700 ಲೀಟರ್ ಸಾಕು. ಆದರೆ ಅದು ಒಳಾಂಗಣದ ತೊಟ್ಟಿಯ ಲೆಕ್ಕ. ಹೊರಗೆ ಏಪ್ರಿಲ್ ಬಿಸಿಲಿಗೆ ಕಡಿಮೆ ನೀರು ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. ಹೆಚ್ಚು ನೀರು ನಿಮ್ಮ ಸೋಮಾರಿತನವನ್ನೂ ಸ್ವಲ್ಪ ಸಹಿಸಿಕೊಳ್ಳುತ್ತದೆ.

ಕೃಷಿ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ ಸಾಕಲ್ಲವೇ ಎಂದು ಕೆಲವರು ಕೇಳಿದರು. ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಆ ಹಾಳೆ ಎಲ್ಲ ಊರಲ್ಲೂ ಸಿಗುತ್ತದೆ, ಸಿಮೆಂಟಿಗಿಂತ ಬಹಳ ಅಗ್ಗ. ಆಮೆಯ ಉಗುರನ್ನು ಅದು ತಡೆದುಕೊಳ್ಳಬಹುದು. ಹಿತ್ತಲಿನ ಹೆಗ್ಗಣವನ್ನು ತಡೆದುಕೊಳ್ಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಹಾಳೆಯ ತಳದಲ್ಲಿ ಪೈಪ್ ಕೂರಿಸಿ ಸೋರದಂತೆ ಮಾಡುವುದು ಕಷ್ಟದ ಕೆಲಸ, ತಳದ ಪೈಪ್ ಇಲ್ಲದ ಕೊಳ ನನಗೆ ಬೇಡ.

ಅಗೆತ, ತಳ, ಗೋಡೆ

ನೆಲದಿಂದ ಕೊಳದ ತಳ ಒಂದು ಅಡಿ ಕೆಳಗಿರುವಂತೆ, ಕಾಂಕ್ರೀಟಿನ ದಪ್ಪವನ್ನೂ ಸೇರಿಸಿ ಅಗೆದೆವು. ಕೆಂಪು ಮಣ್ಣು, ಗಟ್ಟಿ ನೆಲ. ತಳಕ್ಕೆ ನೀರು ಚಿಮುಕಿಸಿ ಧಮ್ಮಸು ಬಡಿದು, ನಾಲ್ಕು ಇಂಚು ಬೆಡ್ ಕಾಂಕ್ರೀಟ್. ಅದರ ಮೇಲೆ ಎಂಟು ಎಂ.ಎಂ. ಕಬ್ಬಿಣದ ಜಾಲರಿ ಕಟ್ಟಿ ಮತ್ತೆ ನಾಲ್ಕು ಇಂಚಿನ ಸ್ಲ್ಯಾಬ್. ನೀರೊಂದೇ 1,800 ಕಿಲೋ ತೂಗುತ್ತದೆ, ಗೋಡೆ, ಮಣ್ಣು ಬೇರೆ. ಕಬ್ಬಿಣ ಉಳಿಸಲು ಹೋದರೆ ಒಂದು ಮೂಲೆ ಕುಸಿದು ತಳ ಸೀಳುತ್ತದೆ.

"ಸ್ವಾಮಿ, ಸಂಪು ಕಟ್ಟಿದ ಹಾಗೆ ಕಟ್ಟಿದರಾಯಿತಲ್ಲ?" ಎಂದರು ಮೇಸ್ತ್ರಿ.

"ಸಂಪಿನ ತಳದಲ್ಲಿ ನೀವು ತೂತು ಇಡುವುದಿಲ್ಲ ಮೇಸ್ತ್ರಿಗಳೇ, ಇದಕ್ಕೆ ಇಡಬೇಕು."

ಅವರಿಗೆ ಈ ಮಾತು ರುಚಿಸಲಿಲ್ಲ. ನೀರು ನಿಲ್ಲಿಸಲು ಕಟ್ಟುವ ತೊಟ್ಟಿಗೆ ತಳದಲ್ಲೇ ತೂತು ಎಂದರೆ ಅವರ ಅನುಭವಕ್ಕೆ ವಿರುದ್ಧ, ಅವರ ಭಯದಲ್ಲಿ ಅರ್ಥವೂ ಇತ್ತು. ಸೋರುವ ತೊಟ್ಟಿಗಳಲ್ಲಿ ಹೆಚ್ಚಿನವು ಪೈಪಿನ ಸುತ್ತಲೇ ಸೋರುತ್ತವೆ, ಏಕೆಂದರೆ ಪಿವಿಸಿಯ ನುಣುಪು ಮೈಗೆ ಸಿಮೆಂಟ್ ಕಚ್ಚುವುದಿಲ್ಲ. ಇದಕ್ಕೆ ಪ್ಲಂಬರುಗಳು ಮಾಡುವ ಉಪಾಯ ಸರಳ: ಕಾಂಕ್ರೀಟಿನೊಳಗೆ ಹುದುಗುವಷ್ಟು ಉದ್ದದ ಪೈಪನ್ನು ಉಪ್ಪುಕಾಗದದಿಂದ ಉಜ್ಜಿ, ಪೈಪ್ ಅಂಟಿಸುವ ಸಾಲ್ವೆಂಟ್ ಸಿಮೆಂಟ್ ದಪ್ಪಗೆ ಬಳಿದು, ಹಸಿಯಿರುವಾಗಲೇ ಒಣ ಮರಳಿನಲ್ಲಿ ಉರುಳಿಸುವುದು. ಒಣಗಿದ ಮೇಲೆ ಪೈಪಿನ ಮೈ ಒರಟಾಗಿ ಕಾಂಕ್ರೀಟಿಗೆ ಹಿಡಿತ ಸಿಗುತ್ತದೆ. ತೋಟದ ಹನಿ ನೀರಾವರಿಗೆ ಬಳಸುವ 63 ಎಂ.ಎಂ. ಪೈಪ್ ಮತ್ತು ಅದೇ ಅಳತೆಯ ಬಾಲ್ ವಾಲ್ವ್ ತೆಗೆದುಕೊಂಡೆ. ಸ್ನಾನದ ಮನೆಗೆ ಬಳಸುವ ಸಣ್ಣ ಪೈಪಿನಲ್ಲಿ ಎಲೆ, ಸಿಪ್ಪೆ, ಕೆಸರು ಒಟ್ಟಿಗೆ ನುಗ್ಗಿದರೆ ಕಟ್ಟಿಕೊಳ್ಳುತ್ತದೆ. ಪೈಪಿನ ಬಾಯಿಗೆ ಗುಮ್ಮಟದ ಆಕಾರದ ಜಾಲರಿ. ಚಪ್ಪಟೆ ಜಾಲರಿಯಾದರೆ ಒಂದೇ ಎಲೆ ಅದನ್ನು ಮುಚ್ಚಿಬಿಡುತ್ತದೆ, ಆಮೆಯ ಕಾಲು ಸಿಕ್ಕಿಕೊಳ್ಳುವ ಅಪಾಯವೂ ಹೆಚ್ಚು.

ತಳಕ್ಕೆ ನಾಲ್ಕೂ ಕಡೆಯಿಂದ ಪೈಪಿನ ಬಾಯಿಯತ್ತ ವಾಟ ಕೊಟ್ಟೆವು, ನಲವತ್ತು ಇಂಚಿಗೆ ಒಂದು ಇಂಚು. ರಸಮಟ್ಟ ಇಟ್ಟು ನೋಡಿದರೆ ಸಾಲದು, ಒಂದು ಬಕೆಟ್ ನೀರು ಸುರಿದು ಅದು ಎಲ್ಲೂ ನಿಲ್ಲದೆ ಹೋಗುವುದನ್ನು ಕಣ್ಣಾರೆ ನೋಡಬೇಕು. ಗೋಡೆ ಮತ್ತು ತಳ ಸೇರುವ ಮೂಲೆಗಳನ್ನೆಲ್ಲ ಕರಣೆಯಿಂದ ದುಂಡಗೆ ತಿದ್ದಿಸಿದೆ. ಚೂಪು ಮೂಲೆಯಲ್ಲಿ ಕೆಸರು ಕೂರುತ್ತದೆ, ಬಿರುಕು ಬಿಡುವುದೂ ಅಲ್ಲೇ.

ಗೋಡೆಗೆ ಆರು ಇಂಚಿನ ಸಾಲಿಡ್ ಬ್ಲಾಕ್. ಕೊಳದ ತಳದಿಂದ ಒಟ್ಟು 45 ಇಂಚು ಎತ್ತರ. ನೀರಿನ ಮಟ್ಟದ ಮೇಲೆ 18 ಇಂಚು ಗೋಡೆ ಉಳಿಯುತ್ತದೆ. ಇಷ್ಟೇಕೆ ಎಂದರೆ, ಆಮೆ ಹತ್ತುತ್ತದೆ. ನಿಧಾನ ಪ್ರಾಣಿ ಎಂಬ ಮೊಲ–ಆಮೆ ಕಥೆಯ ನೆನಪಿನಲ್ಲಿ ಕಟ್ಟಿದವರ ಕೊಳಗಳು ಖಾಲಿಯಾಗಿರುತ್ತವೆ. ಎರಡು ಗೋಡೆ ಸೇರುವ ಮೂಲೆಯಲ್ಲಿ ಎರಡೂ ಕಡೆ ಉಗುರು ಊರಿ ಮೇಲೇರುವುದನ್ನು ನಾನೇ ನೋಡಿದ್ದೇನೆ. ಅದಕ್ಕೆ ಗೋಡೆಯ ತಲೆಯ ಮೇಲೆ ಒಳಗಡೆಗೆ ನಾಲ್ಕು ಇಂಚು ಚಾಚಿಕೊಳ್ಳುವಂತೆ ಕಡಪ ಕಲ್ಲಿನ ಚಪ್ಪಡಿ ಕೂರಿಸಿ, ನಾಲ್ಕು ಮೂಲೆಗಳಿಗೆ ತ್ರಿಕೋನದ ತುಂಡುಗಳನ್ನು ಮುಚ್ಚಿದೆ. ತುಂಬಿ ಹರಿಯುವ ನೀರಿಗೆ ಎರಡು ಇಂಚಿನ ಪೈಪ್, ಅದರ ಬಾಯಿಗೂ ಜಾಲರಿ. ಮೈಸೂರಿನ ಮೇ ತಿಂಗಳ ಒಂದು ಗುಡುಗು ಮಳೆಗೆ ಕೊಳ ತುಂಬಿ ಉಕ್ಕಿದರೆ ಆಮೆ ತೇಲಿಕೊಂಡು ಚರಂಡಿ ಸೇರಬಾರದಲ್ಲ.

ಒಳಗಾರೆ ಎರಡು ಪದರ, ಎರಡನೆಯದಕ್ಕೆ ವಾಟರ್‌ಪ್ರೂಫ್ ದ್ರಾವಣ ಬೆರೆಸಿ ನುಣ್ಣಗೆ ಉಜ್ಜಿಸಿದೆ. ಗಾರೆ ಒರಟಾಗಿದ್ದರೆ ಆಮೆಯ ಹೊಟ್ಟೆಯ ಕಡೆಯ ಚಿಪ್ಪು ದಿನವೂ ತೇಯ್ದು ಗಾಯವಾಗುತ್ತದೆ, ಗಾಯಕ್ಕೆ ಸೋಂಕು ತಗುಲುತ್ತದೆ. ಇಳಿಜಾರಿನ ಮೂರು ಅಡಿಯಲ್ಲಿ ಮಾತ್ರ ಹಸಿ ಗಾರೆಯ ಮೇಲೆ ಅಡ್ಡಡ್ಡ ಗೆರೆಗಳನ್ನು ಎಳೆದು ಕಾಲಿಗೆ ಹಿಡಿತ ಕೊಟ್ಟೆವು. ಗೋಣಿಚೀಲ ಹೊದಿಸಿ ನೀರುಣಿಸಿ, ಒಣಗಿದ ಮೇಲೆ ಕುಡಿಯುವ ನೀರಿನ ತೊಟ್ಟಿಗಳಿಗೆ ಬಳಿಯುವ ಎರಡು ಭಾಗದ ಸಿಮೆಂಟ್–ಪಾಲಿಮರ್ ಲೇಪನ. ಇಡೀ ಕೆಲಸದ ಖರ್ಚಿನಲ್ಲಿ ಮುಕ್ಕಾಲು ಪಾಲು ಈ ಗಾರೆ ಕೆಲಸಕ್ಕೇ ಹೋಯಿತು.

ಸುಣ್ಣ ಇಳಿಸುವುದು

ಹೊಸ ಸಿಮೆಂಟಿನಿಂದ ಸುಣ್ಣದಂಶ ನೀರಿಗೆ ಇಳಿಯುತ್ತಲೇ ಇರುತ್ತದೆ. ಮೊದಲ ಸಲ ತುಂಬಿದ ನೀರಿಗೆ ಪಿಎಚ್ ಪಟ್ಟಿ (ನೀರಿನ ಆಮ್ಲ–ಕ್ಷಾರ ಗುಣವನ್ನು ಬಣ್ಣದಿಂದ ತೋರಿಸುವ ಕಾಗದ) ಅದ್ದಿದರೆ ಬಣ್ಣದ ಚಾರ್ಟಿನ ಕೊನೆಯ ಮನೆಗೆ ಹೋಗಿ ನಿಂತಿತು. ಆ ನೀರು ಆಮೆಯ ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ. ದಕ್ಷಿಣ ಭಾರತದಲ್ಲಿ ಸಿಮೆಂಟ್ ತೊಟ್ಟಿಯಲ್ಲಿ ಮೀನು ಸಾಕುವವರು ಬಾಳೆದಿಂಡು ಕತ್ತರಿಸಿ ಹಾಕುತ್ತಾರೆ. ಅದು ಕೊಳೆಯುವಾಗ ಹುಟ್ಟುವ ಆಮ್ಲ ಸುಣ್ಣವನ್ನು ತಗ್ಗಿಸುತ್ತದೆ. ಹಿತ್ತಲಲ್ಲೇ ಬಾಳೆ ಇದ್ದುದರಿಂದ ಗೊನೆ ಕಡಿದ ಗಿಡಗಳ ದಿಂಡನ್ನೆಲ್ಲ ತುಂಡು ಮಾಡಿ ತುಂಬಿದೆ. ವಾಸನೆಯ ಬಗ್ಗೆ ಪಕ್ಕದ ಮನೆಯವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಒಂದು ವಾರ ಬಿಟ್ಟು ಖಾಲಿ ಮಾಡಿ, ತಿಕ್ಕಿ ತೊಳೆದು, ಮತ್ತೆ ತುಂಬಿ, ಮತ್ತೆ ಖಾಲಿ ಮಾಡಿ, ಪಿಎಚ್ 8.5ಕ್ಕಿಂತ ಕೆಳಗೆ ಬಂದು ಅಲ್ಲೇ ನಿಲ್ಲುವವರೆಗೆ ಇದೇ ಕೆಲಸ. ತಳದ ವಾಲ್ವಿನ ಬೆಲೆ ಆಗಲೇ ತಿಳಿದದ್ದು: ಪ್ರತಿ ಸಲವೂ 1,800 ಲೀಟರ್ ನೀರು ಕೈ ಸೋಕದೆ ಹೊರಟುಹೋಗುತ್ತಿತ್ತು. ಬಕೆಟ್ಟಿನಿಂದ ತೋಡಬೇಕಾಗಿದ್ದರೆ ಎರಡನೆಯ ಸಲಕ್ಕೇ ಕೈಬಿಟ್ಟಿರುತ್ತಿದ್ದೆ.

ಇದೇ ಹೊತ್ತಿನಲ್ಲಿ ಸೋರಿಕೆಯ ಪರೀಕ್ಷೆಯೂ ಆಗುತ್ತದೆ. ಕೊಳದ ಪಕ್ಕದಲ್ಲೇ, ಅಷ್ಟೇ ಬಿಸಿಲಿನಲ್ಲಿ ಒಂದು ಬಕೆಟ್ ನೀರಿಟ್ಟು ಎರಡಕ್ಕೂ ಮಟ್ಟದ ಗುರುತು ಹಾಕಿ. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರ್ ಆವಿಯಾಗುವುದು ಸಹಜ. ಎರಡೂ ಒಂದೇ ಅಳತೆಯಲ್ಲಿ ಇಳಿದರೆ ಕೊಳ ಗಟ್ಟಿಯಾಗಿದೆ. ಕೊಳ ಮಾತ್ರ ಹೆಚ್ಚು ಇಳಿದರೆ ಮೇಸ್ತ್ರಿಗೆ ಫೋನ್ ಮಾಡಿ.

ನೀಲಿ ಡ್ರಮ್ಮಿನ ಫಿಲ್ಟರ್

ಗುಜರಿ ಅಂಗಡಿಯಿಂದ 200 ಲೀಟರಿನ ನೀಲಿ ಡ್ರಮ್ ತಂದೆ. ಕೊಳ್ಳುವಾಗ ಅದರಲ್ಲಿ ಮೊದಲು ಏನಿತ್ತು ಎಂದು ಕೇಳಿ, ಉತ್ತರ ಸಿಗದಿದ್ದರೆ ಬಿಟ್ಟುಬಿಡಿ. ಹಣ್ಣಿನ ರಸದ ತಿರುಳು ತುಂಬಿದ್ದ ಡ್ರಮ್ ನನಗೆ ಸಿಕ್ಕಿತು. ಪಂಪಿನಿಂದ ಬರುವ ಪೈಪ್ ಡ್ರಮ್ಮಿನ ನಡುವೆ ತಳದವರೆಗೆ ಇಳಿಯುತ್ತದೆ. ನೀರು ತಳದಿಂದ ಮೇಲಕ್ಕೆ ಏರುವಾಗ ಭಾರದ ಕಸವೆಲ್ಲ ಕೆಳಗೇ ಉಳಿಯುತ್ತದೆ. ಅದರ ಮೇಲೆ ಒರಟು ಸ್ಪಾಂಜಿನ ಎರಡು ಪದರ, ಅದರ ಮೇಲೆ ಜಾಲರಿ ಚೀಲಗಳಲ್ಲಿ ಪಾತ್ರೆ ಉಜ್ಜುವ ಪ್ಲಾಸ್ಟಿಕ್ ನಾರಿನ ಉಂಡೆಗಳು. ಫಿಲ್ಟರಿಗೆಂದೇ ಅಕ್ವೇರಿಯಂ ಅಂಗಡಿಯಲ್ಲಿ ಮಾರುವ ಬಯೋಬಾಲ್ ಎಂಬ ಪ್ಲಾಸ್ಟಿಕ್ ಉಂಡೆಗಳ ಬೆಲೆಯ ಮುಂದೆ ಈ ಉಂಡೆಗಳಿಗೆ ಚಿಲ್ಲರೆ ಕಾಸು ಸಾಕು, ಕೆಲಸ ಎರಡೂ ಅದನ್ನೇ ಮಾಡುತ್ತವೆ. ಮೇಲಿನ ತೂತಿನಿಂದ ತಿಳಿನೀರು ಗೋಡೆ ದಾಟಿ ಕೊಳಕ್ಕೆ ಬೀಳುತ್ತದೆ. ಡ್ರಮ್ಮಿನ ತಳಕ್ಕೂ ಒಂದು ವಾಲ್ವ್ ಇದೆ, ಅದರ ಪೈಪೂ ಬಾಳೆ ಪಾತಿಗೇ.

ನಾರಿನ ಉಂಡೆಗಳು ಕಸ ಹಿಡಿಯುವುದಕ್ಕಲ್ಲ, ಬ್ಯಾಕ್ಟೀರಿಯಾ ನೆಲೆಸುವುದಕ್ಕೆ. ಆಮೆಯ ಹೊಲಸಿನಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಈ ಸಂಸಾರ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ಮೇಲೆ ಸ್ಪಾಂಜನ್ನಾಗಲಿ ಉಂಡೆಗಳನ್ನಾಗಲಿ ನಲ್ಲಿ ನೀರಿನಲ್ಲಿ ತೊಳೆಯಬಾರದು. ನಗರದ ನಲ್ಲಿ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಕೊಳದ ನೀರನ್ನೇ ಬಕೆಟ್ಟಿಗೆ ತುಂಬಿ ಅದರಲ್ಲಿ ಅದ್ದಿ ಹಿಂಡಿದರೆ ಸಾಕು.

ಪಂಪ್ ಗಂಟೆಗೆ 2,500 ಲೀಟರಿನದು. ಎತ್ತರಕ್ಕೆ ಏರಿಸುವಾಗ ಆ ಅಂಕಿ ಕುಗ್ಗುತ್ತದೆ, ಗಂಟೆಗೊಮ್ಮೆ ಕೊಳದ ನೀರೆಲ್ಲ ಡ್ರಮ್ಮಿನ ಮೂಲಕ ಹಾದುಹೋಗುವಷ್ಟು ಉಳಿದರೆ ಸರಿ. 40 ವ್ಯಾಟ್ ಪಂಪ್ ದಿನವಿಡೀ ಓಡಿದರೆ ತಿಂಗಳಿಗೆ 29 ಯೂನಿಟ್. ಪಂಪನ್ನು ಮೊಸರಿನ ಪ್ಯಾಕೆಟ್ಟಿನ ಹಳೆಯ ಕ್ರೇಟಿನೊಳಗಿಟ್ಟು ಸುತ್ತ ಜಾಲರಿ ಸುತ್ತಿದೆ. ಹೀರುವ ಬಾಯಿ ತೆರೆದಿದ್ದರೆ ಆಮೆಯ ಕಾಲು ಸಿಕ್ಕಿ ಅದು ಉಸಿರಿಗೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ. ವಿದ್ಯುತ್ ಸಂಪರ್ಕಕ್ಕೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸಲೇಬೇಕು, ಚೌಕಾಸಿ ಬೇಡ. ನೀರಿನಲ್ಲಿ ಕೈಯಿಡುವುದು ನೀವೇ.

ಕರೆಂಟು ಹೋದಾಗ ಒಂದು ಎಚ್ಚರಿಕೆ. ನೀರು ಹರಿಯದ ಡ್ರಮ್ಮಿನಲ್ಲಿ ಆಮ್ಲಜನಕ ಮುಗಿದು ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾ ಸಾಯತೊಡಗುತ್ತದೆ, ನೀರು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅರ್ಧ ದಿನ ಕರೆಂಟು ಇಲ್ಲದಿದ್ದರೆ, ಬಂದ ಕೂಡಲೇ ಪಂಪ್ ಹಾಕದೆ ಮೊದಲು ಡ್ರಮ್ಮಿನ ನೀರನ್ನೆಲ್ಲ ತಳದ ವಾಲ್ವಿನಿಂದ ಪಾತಿಗೆ ಬಿಟ್ಟುಬಿಡಿ.

ಅಂಗಳ, ಮುಚ್ಚಳ, ಹಸಿರು

ಅಡ್ಡಗೋಡೆಯಾಚೆಯ ಮೂರು ಅಡಿಯಲ್ಲಿ ಕೆಳಗೆ ಜಲ್ಲಿ, ಮೇಲೆ ಒಂದು ಅಡಿ ದಪ್ಪಕ್ಕೆ ಕೆಂಪು ಮಣ್ಣು ಮತ್ತು ಮರಳನ್ನು ಸಮಸಮ ಬೆರೆಸಿ ತುಂಬಿದೆ. ಹೆಣ್ಣು ಆಮೆಗೆ ಈ ಅಂಗಳ ಅಲಂಕಾರವಲ್ಲ. ಗಂಡಿನ ಸಂಗವಿಲ್ಲದೆಯೂ ಅದು ಮೊಟ್ಟೆಯಿಡುತ್ತದೆ, ಮತ್ತು ಇಡಲು ಮಣ್ಣು ಸಿಗದಿದ್ದರೆ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ಸಾಯುವ ಅಪಾಯವಿದೆ. ಮೇವು ಬಿಟ್ಟು, ಗೋಡೆಯುದ್ದಕ್ಕೂ ಅತ್ತಿಂದಿತ್ತ ಅಲೆದಾಡತೊಡಗಿದರೆ ಕಾಲ ಬಂದಿದೆ ಎಂದರ್ಥ. ಹಿಂಗಾಲಿನಿಂದ ಗುಂಡಿ ತೋಡಿ, ಇಟ್ಟು, ಮುಚ್ಚಿ, ಮೇಲೆ ಹೊಟ್ಟೆಯಿಂದ ಒತ್ತಿ ಮಟ್ಟ ಮಾಡಿ ಹೋಗುತ್ತದೆ. ಆ ಗಾರೆ ಕೆಲಸದ ಅಚ್ಚುಕಟ್ಟು ನಮ್ಮ ಮೇಸ್ತ್ರಿಗೂ ಇರಲಿಲ್ಲ. ಮೊಟ್ಟೆಗಳನ್ನು ನಾನು ತೆಗೆದು ಹೆಪ್ಪುಗಟ್ಟಿಸಿ ಹೂಳುತ್ತೇನೆ. ಹೆಣ್ಣು ಆಮೆ ಹಿಂದಿನ ಸಂಗದ ವೀರ್ಯವನ್ನು ಬಹುಕಾಲ ಉಳಿಸಿಕೊಳ್ಳಬಲ್ಲದು, ಹಾಗಾಗಿ ಫಲಿತವಾಗಿರಲಾರದು ಎಂದು ನಂಬಿ ಕೂರುವಂತಿಲ್ಲ.

ಬಿಸಿಲು ಕಾಯಲು ಹಲಸಿನ ಮರದ ಹಳೆಯ ದಿಮ್ಮಿಯೊಂದನ್ನು ನೀರಿನಿಂದ ಓರೆಯಾಗಿ ಮೇಲೆದ್ದಿರುವಂತೆ ಕಟ್ಟಿದ್ದೇನೆ. ಮೊದಲು ಕಡಪ ಕಲ್ಲಿಡುವ ಯೋಚನೆಯಿತ್ತು, ಏಪ್ರಿಲ್ ಮಧ್ಯಾಹ್ನ ಆ ಕಪ್ಪು ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿ ಕೈಬಿಟ್ಟೆ. ತಳಕ್ಕೆ ಸಣ್ಣ ಜಲ್ಲಿ, ಬಣ್ಣದ ಕಲ್ಲು ಏನೂ ಇಲ್ಲ. ಬಾಯಿಗೆ ಹಿಡಿಸುವ ಗಾತ್ರದ ಕಲ್ಲನ್ನು ಆಮೆ ನುಂಗುತ್ತದೆ, ಅದು ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ.

ಮೇಲೆ ಕಬ್ಬಿಣದ ಆ್ಯಂಗಲ್ ಚೌಕಟ್ಟಿಗೆ ಒಂದಿಂಚಿನ ವೆಲ್ಡ್ ಮೆಶ್ ಹೊಡೆದ ಎರಡು ಬಾಗಿಲುಗಳು. ಮುಂಗುಸಿ, ಹೆಗ್ಗಣ, ಬೀದಿ ನಾಯಿ, ಕಾಗೆ ಎಲ್ಲರಿಗೂ ಇದೊಂದೇ ಉತ್ತರ. ಪ್ಲಾಸ್ಟಿಕ್ ಶೀಟು ಹಾಕಿದರೆ ಬಿಸಿಲಿನ ಪ್ರಯೋಜನವೇ ಹೋಗುತ್ತದೆ.

ಆಮೆಗಳನ್ನು ಬಿಟ್ಟ ಮೊದಲ ತಿಂಗಳಲ್ಲಿ ನೀರು ಪಾಲಕ್ ಸಾರಿನ ಬಣ್ಣಕ್ಕೆ ತಿರುಗಿತು. ಹೊಸ ಕೊಳಗಳೆಲ್ಲ ಹೀಗೇ. ಬಿಸಿಲು, ಗೊಬ್ಬರದಂಥ ನೀರು, ಇನ್ನೂ ಎಳೆಯ ಫಿಲ್ಟರ್. ಅಡಿಕೆ ತೋಟದ ನೆಂಟರೊಬ್ಬರು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿ ಎಂದರು. ಅದನ್ನು ಸುಣ್ಣದೊಂದಿಗೆ ಬೆರೆಸಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೇಲೆ ಅವರಿಗಿರುವ ವಿಶ್ವಾಸ ದೊಡ್ಡದು. ಪಾಚಿ ಸಾಯುತ್ತದೆ ನಿಜ, ಜೊತೆಗೆ ಮೀನು, ಶಂಖದ ಹುಳು, ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ತಾಮ್ರ ವಿಷವೇ. ನೀರಿನ ಮೂರನೇ ಒಂದು ಭಾಗ ಮುಚ್ಚುವಷ್ಟು ಅಂತರಗಂಗೆ ಬಿಟ್ಟೆ. ಆಮೆಗಳು ಅದರ ಬೇರು ತಿಂದವು, ಮತ್ತೆ ಬಿಟ್ಟೆ. ಫಿಲ್ಟರ್ ಬಲಿತ ಮೇಲೆ ನೀರು ತಾನಾಗಿ ತಿಳಿಯಾಯಿತು. ಸೊಳ್ಳೆಗೆ ಗಪ್ಪಿ ಮೀನು. ಡೆಂಗಿ ಕಾಲದಲ್ಲಿ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವುದೂ ಇದನ್ನೇ. ಆಮೆಗಳು ಕೆಲವನ್ನು ತಿನ್ನುತ್ತವೆ, ಗಪ್ಪಿ ಮರಿ ಹಾಕುವ ವೇಗದ ಮುಂದೆ ಅದು ಲೆಕ್ಕಕ್ಕಿಲ್ಲ.

ನಿತ್ಯದ ಕೆಲಸ

ಬೆಳಿಗ್ಗೆ ಬಿಸಿಲೇರಿದ ಮೇಲೆ ಮೇವು. ಮರಿಯಾಗಿದ್ದಾಗ ಮಾಂಸಾಹಾರವೇ ಹೆಚ್ಚು ಬೇಕಾಗುವ ಈ ಆಮೆ ದೊಡ್ಡದಾದಂತೆ ಸೊಪ್ಪಿನತ್ತ ತಿರುಗುತ್ತದೆ. ದಾಸವಾಳದ ಎಲೆ ಮತ್ತು ಹೂ, ಸಿಹಿಗುಂಬಳದ ಹೋಳು, ಕ್ಯಾರೆಟ್, ವಾರಕ್ಕೆ ಎರಡು ಮೂರು ಸಲ ಹಿಡಿಯಷ್ಟು ಗುಳಿಗೆ ಮೇವು. ಪಾಲಕ್ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತದಂತೆ ತಡೆಯುತ್ತದೆ. ಕ್ಯಾಲ್ಸಿಯಂಗೆಂದು ಪಂಜರದ ಗಿಳಿಗೆ ಸಿಗಿಸುವ ಕಟಲ್ ಬೋನ್ ಒಂದು ತುಂಡು ಯಾವಾಗಲೂ ತೇಲುತ್ತಿರುತ್ತದೆ. ಅನ್ನ, ಬ್ರೆಡ್ ಹಾಕುವ ನೆಂಟರಿಂದ ಕೊಳವನ್ನು ಕಾಪಾಡುವುದು ಮುಂಗುಸಿಯಿಂದ ಕಾಪಾಡುವುದಕ್ಕಿಂತ ಕಷ್ಟ.

ವಾರಕ್ಕೊಮ್ಮೆ ತಳದ ವಾಲ್ವನ್ನು ರಭಸದಿಂದ ತೆರೆದು, ಹೊರಬರುವ ನೀರು ಕಪ್ಪಿನಿಂದ ಚಹಾದ ಬಣ್ಣಕ್ಕೆ ಬರುವವರೆಗೆ ಬಿಡುತ್ತೇನೆ. ಕಾಲು ಭಾಗ ನೀರು ಹೋಗುತ್ತದೆ. ಸಂಪಿನಲ್ಲಿ ಒಂದು ದಿನ ನಿಂತ ನೀರಿನಿಂದ ಮತ್ತೆ ತುಂಬುವುದು. ಈ ಕೊಳೆ ನೀರಿಗೆ ಬಾಳೆ ಚೆನ್ನಾಗಿ ಬರುತ್ತದೆ, ಆದರೆ ಕೊತ್ತಂಬರಿಯಂಥ ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ ಎಂದೂ ಬಿಡುವುದಿಲ್ಲ. ಆರೋಗ್ಯವಾಗಿರುವ ಆಮೆಯೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರುತ್ತದೆ. ಮಕ್ಕಳು ಬಾಯಿಗಿಟ್ಟುಕೊಂಡಾರು ಎಂದೇ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಸಣ್ಣ ಆಮೆಗಳ ಮಾರಾಟವನ್ನು ನಿಷೇಧಿಸಿತು. ಕೊಳದ ಬ್ರಷ್, ಬಕೆಟ್ ಅಡುಗೆಮನೆಗೆ ಬರುವುದಿಲ್ಲ. ಮುಟ್ಟಿದವರು ಸೋಪಿನಿಂದ ಕೈ ತೊಳೆಯಲೇಬೇಕು.

ಡಿಸೆಂಬರ್ ರಾತ್ರಿಗಳಲ್ಲಿ ಇಲ್ಲಿ ಹದಿನೈದು ಹದಿನಾರು ಡಿಗ್ರಿಗೆ ಇಳಿಯುತ್ತದೆ. ಆಗ ಅವು ಕಡಿಮೆ ತಿನ್ನುತ್ತವೆ, ಬಲವಂತ ಮಾಡುವುದಿಲ್ಲ. ತಣ್ಣಗಿನ ಮೈಯಲ್ಲಿ ಮೇವು ಜೀರ್ಣವಾಗದು. ಶೀತದೇಶದವರು ಬರೆಯುವ ಚಳಿಗಾಲದ ದೀರ್ಘನಿದ್ರೆಯ ಏರ್ಪಾಟುಗಳು ಮೈಸೂರಿಗೆ ಬೇಕಾಗಿಲ್ಲ. ಏಪ್ರಿಲಿನಲ್ಲಿ ಅರ್ಧ ಕೊಳಕ್ಕೆ ನರ್ಸರಿಯ ಹಸಿರು ನೆರಳುಬಲೆ ಕಟ್ಟುತ್ತೇನೆ.

ಬಿರುಕು

ಎರಡನೆಯ ಬೇಸಿಗೆಯಲ್ಲಿ ನೀರು ಬಕೆಟ್ಟಿಗಿಂತ ಬೇಗ ಇಳಿಯತೊಡಗಿತು. ಆಮೆಗಳನ್ನು ಹಳೆಯ ನೀರಿನ ಟ್ಯಾಂಕಿನ ಕತ್ತರಿಸಿದ ಅರ್ಧಕ್ಕೆ ಸಾಗಿಸಿ, ಫಿಲ್ಟರ್ ನಿಲ್ಲಿಸಿ, ಕೊಳವನ್ನು ಅದರ ಪಾಡಿಗೆ ಬಿಟ್ಟೆ. ಮಾಮೂಲಿ ಮಟ್ಟದಿಂದ ನಾಲ್ಕು ಬೆರಳು ಕೆಳಗೆ ಇಳಿದು ನೀರು ನಿಂತಿತು. ಹಾಗೆಂದರೆ ತಳ, ಪೈಪು ಎರಡೂ ಗಟ್ಟಿ, ಸೋರಿಕೆ ಆ ನಾಲ್ಕು ಬೆರಳಿನ ಪಟ್ಟಿಯಲ್ಲೇ ಇದೆ. ಮತ್ತೆ ಸ್ವಲ್ಪ ತುಂಬಿ, ನೀರು ಅಲುಗದಂತೆ ಬಿಟ್ಟು, ಗೋಡೆಯ ಪಕ್ಕದಲ್ಲಿ ಹನಿಹನಿಯಾಗಿ ಕಾಫಿ ಡಿಕಾಕ್ಷನ್ ಬಿಟ್ಟುಕೊಂಡು ಹೋದೆ. ದಕ್ಷಿಣದ ಗೋಡೆಯ ಒಂದೆಡೆ ಕಂದು ಗೆರೆ ಗೋಡೆಯೊಳಕ್ಕೆ ಎಳೆದುಕೊಂಡಿತು. ಕೂದಲೆಳೆಯ ಬಿರುಕು. ಆ ಗೋಡೆಯ ಮೇಲ್ಭಾಗ ಬಿಸಿಲಿಗೆ ಹಿಗ್ಗುತ್ತದೆ, ನೀರಿನೊಳಗಿನ ಭಾಗ ತಂಪಾಗಿರುತ್ತದೆ. ಎರಡರ ಜಗಳ ನೀರಿನ ಗೆರೆಯಲ್ಲೇ ಸ್ಫೋಟಿಸುತ್ತದೆ.

ಒಣಗಿಸಿ, ಬಿರುಕಿನುದ್ದಕ್ಕೂ ಅರ್ಧ ಇಂಚು ಆಳಕ್ಕೆ ಉಳಿಯಿಂದ ವಿ ಆಕಾರದಲ್ಲಿ ಕೊರೆದು, ಧೂಳು ಉಜ್ಜಿ ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿದೆ. ಬಿರುಕಿನ ಮೇಲೆ ಬರೀ ಲೇಪನ ಬಳಿದರೆ ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಗಾರೆಯ ಮೇಲೆ ಫೈಬರ್ ಜಾಲರಿಯ ಪಟ್ಟಿ ಅಂಟಿಸಿ, ಅದೇ ಎರಡು ಭಾಗದ ಲೇಪನವನ್ನು ಎರಡು ಸಲ ಬಳಿದು, ಒಣಗಿಸಿ, ಒಂದು ಸಲ ತುಂಬಿ ಖಾಲಿ ಮಾಡಿ ಪಿಎಚ್ ನೋಡಿ ಆಮೆಗಳನ್ನು ಬಿಟ್ಟೆ. ಗೋಡೆಯ ಹೊರಮೈಗೆ ಸುಣ್ಣ ಬಳಿದದ್ದರಿಂದ ಈಗ ಮುಟ್ಟಿದರೆ ಮೊದಲಿನಷ್ಟು ಸುಡುವುದಿಲ್ಲ.

ಫಿಲ್ಟರ್ ನಿಂತಿದ್ದ ದಿನಗಳಲ್ಲಿ ನಾರಿನ ಉಂಡೆಗಳನ್ನು ಆಮೆಗಳಿದ್ದ ಟ್ಯಾಂಕಿಗೇ ಹಾಕಿ, ಸಣ್ಣ ಏರ್ ಪಂಪ್ ಓಡಿಸುತ್ತಿದ್ದೆ, ಬ್ಯಾಕ್ಟೀರಿಯಾ ಉಳಿಯಿತು. ಮತ್ತೆ ಹಸಿರು ನೀರಿನ ತಿಂಗಳು ಬರಲಿಲ್ಲ.

ಇನ್ನುಳಿದಿರುವುದು ಡ್ರಮ್ಮಿನ ಸ್ಪಾಂಜ್. ಮಳೆಗಾಲದಲ್ಲಿ ಬೇಗ ಕಟ್ಟಿಕೊಂಡು ವಾರಕ್ಕೆರಡು ಸಲ ಹಿಂಡಬೇಕಾಗುತ್ತದೆ. ಪಂಪಿಗೂ ಡ್ರಮ್ಮಿಗೂ ನಡುವೆ, ಒಳಗೆ ಏನೂ ತುಂಬದ ಇನ್ನೊಂದು ಖಾಲಿ ಡ್ರಮ್ ಇಟ್ಟರೆ ಕಸ ಅಲ್ಲೇ ತಳ ಸೇರುತ್ತದೆ. ಗುಜರಿ ಅಂಗಡಿಯವರಿಗೆ ಹೇಳಿಟ್ಟಿದ್ದೇನೆ. ಅದಕ್ಕೂ ತಳದಲ್ಲಿ 63 ಎಂ.ಎಂ. ವಾಲ್ವೇ.